ಒಂದೇ ರಸ್ತೆಯಲ್ಲಿ ಸೈಕಲ್ಲು, ಕಾರು: ಒಬ್ಬರಿಗೊಬ್ಬರು ಜಾಗ ಬಿಡುವ ಕ್ರಮ

ಮೊದಲು ಅಳತೆ ಟೇಪು ಹಿಡಿದು ಲೆಕ್ಕ ಹಾಕೋಣ. ಲೇನಿನ ಅಗಲ 3.5 ಮೀಟರ್ ಅಂದುಕೊಳ್ಳಿ. ಸೈಕಲ್ಲಿನ ಚಕ್ರ ರಸ್ತೆಯ ಅಂಚಿನಿಂದ 75 ಸೆಂಟಿಮೀಟರ್ ಒಳಗೆ ಉರುಳುತ್ತಿದೆ. ಇನ್ನೂ ಅಂಚಿಗೆ ಸರಿದರೆ ಚರಂಡಿಯ ಜಾಲರಿ, ಮಣ್ಣು, ಗಾಜಿನ ಚೂರು. ಹ್ಯಾಂಡಲ್ಲಿನ ಬಲಭಾಗ ಮತ್ತೆ 30 ಸೆಂಟಿಮೀಟರ್ ಹೊರಗೆ ಚಾಚುತ್ತದೆ. ಅಲ್ಲಿಂದ ಕಾರಿಗೆ 1.5 ಮೀಟರ್ ಅಂತರ ಬೇಕು. ಪಕ್ಕದ ಕನ್ನಡಿಗಳನ್ನೂ ಸೇರಿಸಿದರೆ ಕಾರಿನ ಅಗಲ ಸುಮಾರು 2 ಮೀಟರ್. ಎಲ್ಲ ಕೂಡಿಸಿದರೆ 4.55 ಮೀಟರ್. ಲೇನು ಇರುವುದು ಮೂರೂವರೆ. ಒಂದು ಮೀಟರಿಗಿಂತ ಹೆಚ್ಚು ಕೊರತೆ.

ಅಂದರೆ ಒಂದೇ ಲೇನಿನಲ್ಲಿ ಕಾರೂ ಸೈಕಲ್ಲೂ ಅಕ್ಕಪಕ್ಕ ಹಿಡಿಸುವುದಿಲ್ಲ. ಕಾರು ಒಂದೋ ಪಕ್ಕದ ಲೇನಿಗೆ ಹೋಗಬೇಕು, ಇಲ್ಲವೇ ಹಿಂದೆ ಕಾಯಬೇಕು. "ಸ್ವಲ್ಪ ಅಂಚಿಗೆ ಸರಿದರೆ ನಾನು ಹೋಗಿಬಿಡ್ತೀನಿ" ಎನ್ನುವ ಚಾಲಕರೂ, ಅದಕ್ಕೆ ಹೆದರಿ ಚರಂಡಿಯ ಅಂಚಿಗೆ ಸರಿಯುವ ಸವಾರರೂ ಇಲ್ಲದ ಜಾಗವನ್ನು ಇದೆ ಎಂದುಕೊಂಡು ನಡೆಯುತ್ತಿರುತ್ತಾರೆ. ಕೊರತೆ ಬಿದ್ದ ಆ ಒಂದು ಮೀಟರನ್ನು ಕೊನೆಗೆ ಯಾರದೋ ಮೊಣಕೈ ತುಂಬಿಕೊಡಬೇಕಾಗುತ್ತದೆ.

ಹೊಣೆ ಇಬ್ಬರದೂ ಹೌದು. ಆದರೆ ಸಮಪಾಲಲ್ಲ. ಕಾರಿನ ತೂಕ 1500 ಕಿಲೋ ಆಸುಪಾಸು, ಸವಾರ ಸಮೇತ ಸೈಕಲ್ಲಿನದು 90 ಕಿಲೋ. ತಪ್ಪು ಯಾರದೇ ಆಗಲಿ, ಮೂಳೆ ಮುರಿಯುವುದು ಒಬ್ಬರದೇ. ಹಾಗಾಗಿ ಅಂತರವನ್ನೂ ವೇಗವನ್ನೂ ಕಾಯುವ ಹೊಣೆ ಹೆಚ್ಚಾಗಿ ಚಾಲಕರದು. ಮುಂದಿನ ಎರಡು ಸೆಕೆಂಡಿನಲ್ಲಿ ತಾನು ಎಲ್ಲಿರುತ್ತೇನೆ ಎಂಬುದು ಹಿಂದಿನವರಿಗೆ ಗೊತ್ತಾಗುವಂತೆ ಸಾಗುವ ಹೊಣೆ ಸವಾರರದು. ಬ್ರಿಟನ್ನಿನ ರಸ್ತೆ ನಿಯಮಾವಳಿಯಾದ ಹೈವೇ ಕೋಡ್ 2022ರಲ್ಲಿ ಪರಿಷ್ಕರಣೆಯಾದಾಗ ಈ ಮಾತನ್ನೇ ಕ್ರಮವಾಗಿ ಬರೆದಿಟ್ಟಿತು: ಹೆಚ್ಚು ಹಾನಿ ಮಾಡಬಲ್ಲ ವಾಹನದವರ ಮೇಲೆ ಹೆಚ್ಚು ಹೊಣೆ.

ಇಲ್ಲಿನ ಸೂಚನೆಗಳೆಲ್ಲ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುವ ಕಡೆಗೆ ಹೊಂದುವಂಥವು. ಬಲಬದಿಯ ಸಂಚಾರವಿರುವಲ್ಲಿ ಎಡ–ಬಲವನ್ನು ಅದಲುಬದಲು ಮಾಡಿಕೊಂಡು ಓದಿ.

ಹಿಂದಿಕ್ಕುವುದು ಹೇಗೆ

ಸೈಕಲ್ಲನ್ನು ಹಿಂದಿಕ್ಕುವುದೆಂದರೆ ನಿಂತ ಕಂಬವನ್ನು ದಾಟಿದ ಹಾಗಲ್ಲ. ನಿಮ್ಮ ವೇಗ ಗಂಟೆಗೆ 50 ಕಿ.ಮೀ., ಸೈಕಲ್ಲಿನದು 20. ಇಬ್ಬರ ನಡುವಿನ ವ್ಯತ್ಯಾಸ 30, ಅಂದರೆ ಸೆಕೆಂಡಿಗೆ 8.3 ಮೀಟರ್. ಹಿಂದೆ 15 ಮೀಟರ್ ಇರುವಾಗಲೇ ಬಲಕ್ಕೆ ಸರಿದು, ಮುಂದೆ 15 ಮೀಟರ್ ದಾಟಿದ ಮೇಲೆ ಎಡಕ್ಕೆ ಬರಲು ಮೂರೂವರೆ ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ನಿಮ್ಮ ಕಾರು 50 ಮೀಟರ್ ಓಡಿರುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ 50 ಮೀಟರ್ ಹತ್ತಿರ ಬಂದಿರುತ್ತದೆ. ಕಣ್ಣಿಗೆ 100 ಮೀಟರ್ ಖಾಲಿ ರಸ್ತೆ ಕಂಡರೂ ಅದು ಸಾಲದು, ಕೊನೆಗೆ ಉಳಿಯಬೇಕಾದ ಅಂತರವನ್ನೂ ಸೇರಿಸಿ 150 ಮೀಟರಾದರೂ ಕಾಣಬೇಕು. ತಿರುವಿನ ಮುಂಚೆ, ಏರಿನ ನೆತ್ತಿಯ ಮುಂಚೆ ಹಿಂದಿಕ್ಕಬಾರದು ಎನ್ನುವುದು ಇದಕ್ಕೇ. ಅಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಅರ್ಧ ದಾರಿಯಲ್ಲಿ ಎದುರು ವಾಹನ ಕಂಡಾಗ ಹೆಚ್ಚಿನ ಚಾಲಕರು ಮಾಡುವುದು ಒಂದೇ ಕೆಲಸ: ಎಡಕ್ಕೆ ಒತ್ತುತ್ತಾರೆ. ಆ ಎಡದಲ್ಲಿ ಸೈಕಲ್ಲಿದೆ.

ಸರಿಯಾದ ಕ್ರಮ ಹೀಗಿದೆ. ಸೈಕಲ್ ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟು ಅದರ ವೇಗಕ್ಕೆ ಇಳಿಯಿರಿ, ಕನಿಷ್ಠ ಎರಡು ಸೆಕೆಂಡಿನ ಅಂತರ ಇಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸುಮಾರು 11 ಮೀಟರ್, ಹೆಚ್ಚುಕಡಿಮೆ ಎರಡೂವರೆ ಕಾರುಗಳ ಉದ್ದ. ಸವಾರರ ಮುಂದಿನ ರಸ್ತೆಯನ್ನು ನೋಡಿ. ಗುಂಡಿ, ನಿಂತ ವಾಹನ, ಮರಳು ಇದೆಯೇ? ಇದ್ದರೆ ಸವಾರರು ಬಲಕ್ಕೆ ಬರುವುದು ಖಚಿತ. ಅದನ್ನು ಅವರು ದಾಟುವ ತನಕ ಕಾಯಿರಿ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪೂರ್ತಿಯಾಗಿ ಪಕ್ಕದ ಲೇನಿಗೆ ಹೋಗಿ. ಒಂದು ಚಕ್ರ ಗೆರೆಯಾಚೆ, ಒಂದು ಗೆರೆಯೀಚೆ ಇಟ್ಟು ಸಾಗಿದರೆ ಎದುರಿನವರಿಗೂ ಅಪಾಯ, ಸೈಕಲ್ಲಿನವರಿಗೂ ಅಪಾಯ. ದಾಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಇಡೀ ಸೈಕಲ್ಲು, ಅದರ ಮುಂದಿನ ಚಕ್ರವೂ ನೆಲ ಮುಟ್ಟಿರುವಂತೆ ಕಂಡಾಗ ಮಾತ್ರ ಎಡಕ್ಕೆ ಬನ್ನಿ. ಇಷ್ಟು ದೂರ ಹೋಗದೆ ಒಳನುಗ್ಗಿದರೆ ಸವಾರರು ಬ್ರೇಕ್ ಒತ್ತಲೇಬೇಕಾಗುತ್ತದೆ. ಒದ್ದೆ ರಸ್ತೆಯಲ್ಲಿ ಆ ಗಾಬರಿಯ ಬ್ರೇಕೇ ಬೀಳಲು ಸಾಕು.

ಎಷ್ಟು ಅಂತರ ಎಂಬುದಕ್ಕೆ ಹಲವು ದೇಶಗಳು ಅಂಕಿಯನ್ನೇ ಕೊಟ್ಟಿವೆ. ಜರ್ಮನಿಯ 2020ರ ತಿದ್ದುಪಡಿಯ ಪ್ರಕಾರ ಊರೊಳಗೆ ಕನಿಷ್ಠ 1.5 ಮೀಟರ್, ಊರಾಚೆ 2 ಮೀಟರ್. ಬ್ರಿಟನ್ನಿನಲ್ಲಿ ಗಂಟೆಗೆ 30 ಮೈಲಿಯವರೆಗೆ 1.5 ಮೀಟರ್, ಅದಕ್ಕಿಂತ ವೇಗವಾದರೆ ಇನ್ನೂ ಹೆಚ್ಚು. ಕಣ್ಣಂದಾಜಿಗೆ ಒಂದು ಗುರುತು: ಕಾರಿನ ಎಡಬಾಗಿಲನ್ನು ಪೂರ್ತಿ ತೆರೆದು, ಅದರಾಚೆ ಮತ್ತೆ ಒಂದು ತೋಳಿನಷ್ಟು ಜಾಗ. ಇದಕ್ಕಿಂತ ಹೆಚ್ಚು ಬಿಡಬೇಕಾದ ಸಂದರ್ಭಗಳೂ ಇವೆ. ಏರಿನಲ್ಲಿ ಸೈಕಲ್ ನಿಧಾನವಾದಷ್ಟೂ ಓಲಾಡುತ್ತದೆ, ಏಕೆಂದರೆ ವೇಗ ತಗ್ಗಿದಾಗ ಸಮತೋಲಕ್ಕೆ ಹ್ಯಾಂಡಲನ್ನು ಹೆಚ್ಚು ಹೆಚ್ಚು ತಿರುಗಿಸಬೇಕಾಗುತ್ತದೆ. ಅಡ್ಡಗಾಳಿ ಬೀಸುವಾಗ ಲಾರಿ ಪಕ್ಕಕ್ಕೆ ಬಂದರೆ ಗಾಳಿ ತಟ್ಟನೆ ನಿಲ್ಲುತ್ತದೆ, ಗಾಳಿಗೆ ಎದುರಾಗಿ ವಾಲಿದ್ದ ಸವಾರರು ಲಾರಿಯ ಕಡೆಗೇ ಎಳೆದಂತಾಗುತ್ತಾರೆ. ಲಾರಿ ದಾಟಿದೊಡನೆ ಗಾಳಿ ಮತ್ತೆ ಅಪ್ಪಳಿಸುತ್ತದೆ. ಮಕ್ಕಳು ಸೈಕಲ್ ತುಳಿಯುತ್ತಿದ್ದರೆ ಎರಡೂವರೆ ಮೀಟರ್ ಬಿಟ್ಟರೂ ತಪ್ಪಿಲ್ಲ. ಅವರು ಹಿಂದೆ ನೋಡಿದರೆಂದರೆ ಹ್ಯಾಂಡಲೂ ಆ ಕಡೆಗೇ ತಿರುಗುತ್ತದೆ.

ಕಾಯುವುದರಿಂದ ಕಳೆದುಹೋಗುವ ಸಮಯವನ್ನೂ ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ.ನಲ್ಲಿ 200 ಮೀಟರ್ ಸಾಗಲು 18 ಸೆಕೆಂಡ್, ಸೈಕಲ್ಲಿನ ಹಿಂದೆ 20ರಲ್ಲಿ ಸಾಗಿದರೆ 36. ನಷ್ಟ 18 ಸೆಕೆಂಡ್. ಮುಂದಿನ ಕೆಂಪು ದೀಪದಲ್ಲಿ ಅಷ್ಟು ಹೊತ್ತು ಹೇಗೂ ನಿಲ್ಲುತ್ತೀರಿ.

ಹಾರನ್ ಬಗ್ಗೆ ಒಂದು ಮಾತು. ತೀರಾ ಹಿಂದೆ ಬಂದು ಹಾರನ್ ಹೊಡೆದರೆ ಸವಾರರು ಬೆಚ್ಚಿ ಹಿಂದಿರುಗಿ ನೋಡುತ್ತಾರೆ, ತಲೆ ತಿರುಗಿದ ಕಡೆಗೇ ಸೈಕಲ್ಲೂ ವಾಲುತ್ತದೆ, ಅಂದರೆ ನಿಮ್ಮ ಬಂಪರಿನ ಕಡೆಗೆ. ನಿಜಕ್ಕೂ ಎಚ್ಚರಿಸಬೇಕೆಂದಿದ್ದರೆ 40–50 ಮೀಟರ್ ಹಿಂದಿರುವಾಗಲೇ ಒಮ್ಮೆ ಮೆಲ್ಲಗೆ ಒತ್ತಿ. ಎಂಜಿನ್ನಿನ ಸದ್ದು ಸವಾರರಿಗೆ ಸಾಮಾನ್ಯವಾಗಿ ಕೇಳಿಸಿರುತ್ತದೆ. ಸದ್ದೇ ಇಲ್ಲದ ವಿದ್ಯುತ್ ವಾಹನಗಳಲ್ಲಿ ಮಾತ್ರ ಈ ಎಚ್ಚರಿಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮೂವತ್ತಕ್ಕೂ ಐವತ್ತಕ್ಕೂ ನಡುವೆ

ವೇಗ ಇಮ್ಮಡಿಯಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ರಸ್ತೆಯಲ್ಲಿ ಇದಕ್ಕಿಂತ ಹತ್ತಿರದಿಂದ ತಿಳಿಯಬೇಕಾದದ್ದು ನಿಲ್ಲುವ ದೂರ. ಒಣ ಡಾಂಬರು, ಒಳ್ಳೆಯ ಬ್ರೇಕು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದು ಇಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಓಡಿ, ಬ್ರೇಕ್ ಹಿಡಿದ ಮೇಲೆ 5 ಮೀಟರ್ ಜಾರಿ, ಒಟ್ಟು 13 ಮೀಟರಿನಲ್ಲಿ ನಿಲ್ಲುತ್ತದೆ. 50ರ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಓಡಿರುತ್ತದೆ. ಅಂದರೆ ಮೊದಲನೆಯ ಕಾರು ನಿಂತ ಜಾಗಕ್ಕೆ ಎರಡನೆಯದು ಬರುವಾಗ ಅದರ ಬ್ರೇಕು ಇನ್ನೂ ಹಿಡಿದೇ ಇಲ್ಲ, ಪೂರ್ತಿ 50ರ ವೇಗದಲ್ಲೇ ಬರುತ್ತದೆ. ಅದು ನಿಲ್ಲುವುದು 28 ಮೀಟರಿಗೆ, 70ರ ವೇಗದ್ದಾದರೆ 46ಕ್ಕೆ. ಕೈಯಲ್ಲಿ ಫೋನಿದ್ದರೆ ಒಂದು ಸೆಕೆಂಡಿನ ಜಾಗದಲ್ಲಿ ಎರಡು, ಮೂರು ಸೆಕೆಂಡ್ ಹೋಗುತ್ತವೆ. 50ರ ವೇಗದಲ್ಲಿ ಒಂದೊಂದು ಸೆಕೆಂಡಿಗೂ 14 ಮೀಟರ್ ಕೂಡಿಸುತ್ತಾ ಹೋಗಿ.

ನೋಡಿದರೂ ಕಾಣದಿರುವುದು

"ನೋಡಿದೆ, ಆದರೆ ಕಾಣಲಿಲ್ಲ." ಜಂಕ್ಷನ್ನಿನಲ್ಲಿ ಸೈಕಲ್ಲಿಗೆ ಗುದ್ದಿದ ಚಾಲಕರು ಹೀಗೆನ್ನುವುದು ಬಹುತೇಕ ಸುಳ್ಳಲ್ಲ. ಕಣ್ಣು ಕೆಲಸ ಮಾಡುವ ರೀತಿಯೇ ಹಾಗೆ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಅಗಲದಲ್ಲಿ ಮಾತ್ರ ನಮಗೆ ನಿಚ್ಚಳವಾಗಿ ಕಾಣುತ್ತದೆ, ಉಳಿದದ್ದೆಲ್ಲ ಮಬ್ಬು. ಕಣ್ಣು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವಾಗ ಮಿದುಳು ಆ ನಡುವಿನ ನೋಟವನ್ನು ತಡೆಹಿಡಿದು, ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ತಲೆಯನ್ನು ಸರ್ರನೆ ಬಲಕ್ಕೆ, ಎಡಕ್ಕೆ ತಿರುಗಿಸಿದರೆ ಎರಡು ಮೂರು ಕಡೆ ಮಾತ್ರ ನಿಜವಾಗಿ ನೋಡಿರುತ್ತೀರಿ. ಕಾರು ದೊಡ್ಡದು, ಹೇಗಾದರೂ ಕಣ್ಣಿಗೆ ಬೀಳುತ್ತದೆ. ಸಣ್ಣ ಸೈಕಲ್ಲು ಎರಡು ನೋಟಗಳ ನಡುವೆ ಕಳೆದುಹೋಗುತ್ತದೆ.

ಇದರ ಮೇಲೆ ಮುಂಗಾಜಿನ ಎರಡೂ ಬದಿಯಲ್ಲಿ ಛಾವಣಿಯನ್ನು ಹೊತ್ತು ನಿಂತ ಕಂಬಗಳು ಬೇರೆ. ಕಣ್ಣಿಗೆ ತೀರಾ ಹತ್ತಿರವಿರುವ ಆ ಕಂಬ 20 ಮೀಟರ್ ದೂರದ ಸವಾರರನ್ನು ಪೂರ್ತಿ ನುಂಗಿಬಿಡಬಲ್ಲದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ವಾಹನಗಳು ಒಂದೇ ಬಿಂದುವಿನಲ್ಲಿ ಡಿಕ್ಕಿಯಾಗುವ ಹಾಗೆ ಸಮವೇಗದಲ್ಲಿ ಸಾಗುತ್ತಿದ್ದರೆ, ಒಂದರಿಂದ ನೋಡಿದಾಗ ಇನ್ನೊಂದು ಅಲುಗಾಡುವುದೇ ಇಲ್ಲ, ಒಂದೇ ದಿಕ್ಕಿನಲ್ಲಿ ನಿಂತಂತಿರುತ್ತದೆ. ಅದು ಕಂಬದ ಹಿಂದೆ ಸಿಕ್ಕಿದರೆ ಗುದ್ದುವ ಕ್ಷಣದವರೆಗೂ ಕಂಬದ ಹಿಂದೆಯೇ ಉಳಿಯುತ್ತದೆ. ಎಲ್ಲಕ್ಕಿಂತ ಅಪಾಯದ ಸೈಕಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಅಡಗಿರುತ್ತದೆ.

ಮದ್ದು ಸರಳ, ಅಭ್ಯಾಸ ಬೇಕು ಅಷ್ಟೆ. ಜಂಕ್ಷನ್ನಿಗೆ ಬಂದಾಗ ಸೊಂಟದಿಂದ ಮುಂದಕ್ಕೂ ಹಿಂದಕ್ಕೂ ಬಾಗಿ ಕಂಬದ ಆಚೀಚೆ ನೋಡಿ. ಪ್ರತಿ ಬದಿಯಲ್ಲೂ ಹತ್ತಿರ, ನಡು, ದೂರ ಎಂದು ಕನಿಷ್ಠ ಮೂರು ಕಡೆ ಕಣ್ಣನ್ನು ಒಂದೊಂದು ಕ್ಷಣ ನಿಲ್ಲಿಸಿ. ಬಲ, ಎಡ, ಮತ್ತೆ ಬಲ ನೋಡಿ ಆಮೇಲೆ ಹೊರಡಿ. ಕಾಣುವುದನ್ನು "ಸೈಕಲ್ಲಿದೆ", "ಖಾಲಿಯಿದೆ" ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ನೋಟ ನೆನಪಿನಲ್ಲೂ ನಿಲ್ಲುತ್ತದೆ. ಮುಂಗಾಜಿನ ಒಳಮೈ ಒರೆಸಿ. ಎದುರು ಬಿಸಿಲು ಬಿದ್ದಾಗ ಅಲ್ಲಿನ ತೆಳು ಜಿಡ್ಡೇ ಬಿಳಿ ತೆರೆಯಂತೆ ಅಡ್ಡ ಬರುತ್ತದೆ.

ಸವಾರರು ಕೂಡ ಇದನ್ನು ತಿಳಿದಿರಬೇಕು. ಚಾಲಕರ ಮುಖ ನಿಮ್ಮ ಕಡೆ ತಿರುಗಿತು ಎಂದ ಮಾತ್ರಕ್ಕೆ ನಿಮ್ಮನ್ನು ಕಂಡರು ಎಂದಲ್ಲ. ಮುಖಕ್ಕಿಂತ ಕಾರಿನ ಮುಂಚಕ್ರವನ್ನು ನೋಡಿ. ಕಾರು ಹೊರಡುವ ಮೊದಲ ಸುಳಿವು ಚಕ್ರದಲ್ಲಿ ಸಿಗುತ್ತದೆ. ಅಡ್ಡರಸ್ತೆಯಲ್ಲಿ ಕಾರು ಕಾಯುತ್ತಿದ್ದರೆ ಲೇನಿನ ನಡುವಿಗೆ ಬನ್ನಿ, ಬೆರಳುಗಳು ಬ್ರೇಕ್ ಮೇಲಿರಲಿ. ಒಂದು ಅಡಿ ಪಕ್ಕಕ್ಕೆ ಸರಿದರೂ ಕಂಬದ ಮರೆಯಿಂದ ಹೊರಬಂದಂತೆ.

ಬಾಗಿಲು

ನಿಂತ ಕಾರಿನ ಬಾಗಿಲು ಪೂರ್ತಿ ತೆರೆದಾಗ ಸುಮಾರು ಒಂದು ಮೀಟರ್ ಹೊರಚಾಚುತ್ತದೆ. ಸೈಕಲ್ಲಿನ ಹ್ಯಾಂಡಲ್ ಅದರ ಅಂಚಿಗೆ ತಗುಲಿದರೆ ಮುಂಚಕ್ರ ಎಡಕ್ಕೆ ತಿರುಚಿಕೊಳ್ಳುತ್ತದೆ, ಸವಾರರು ಬಲಕ್ಕೆ, ಹಿಂದಿನಿಂದ ಬರುವ ವಾಹನಗಳ ದಾರಿಗೆ ಬೀಳುತ್ತಾರೆ. ಬಾಗಿಲಿನ ಪೆಟ್ಟಿಗಿಂತ ಆಮೇಲಿನ ಪೆಟ್ಟು ದೊಡ್ಡದು.

ಕಾರಿನೊಳಗಿನವರು ಬಾಗಿಲನ್ನು ಅದರಿಂದ ದೂರದ ಕೈಯಲ್ಲಿ ತೆರೆಯಬೇಕು. ಬಾಗಿಲು ಬಲಗಡೆಯಿದ್ದರೆ ಎಡಗೈ, ಎಡಗಡೆಯಿದ್ದರೆ ಬಲಗೈ. ಹೀಗೆ ಮಾಡಿದಾಗ ಭುಜ ತಾನಾಗಿಯೇ ತಿರುಗಿ ಕಣ್ಣು ಪಕ್ಕದ ಕನ್ನಡಿಯನ್ನೂ ಹಿಂದಿನ ರಸ್ತೆಯನ್ನೂ ನೋಡುತ್ತದೆ. ನೆದರ್ಲೆಂಡ್ಸಿನ ಹೆಸರಿನಲ್ಲಿ ಪ್ರಸಿದ್ಧವಾದ ಈ ಕ್ರಮವನ್ನು ಬ್ರಿಟನ್ನಿನ 2022ರ ನಿಯಮಾವಳಿಯೂ ಸೇರಿಸಿಕೊಂಡಿತು. ಮೊದಲು ಕೈ ಹಿಡಿಸುವಷ್ಟು ಸಂದು ಮಾತ್ರ ತೆರೆದು, ಮತ್ತೊಮ್ಮೆ ನೋಡಿ, ಆಮೇಲೆ ಪೂರ್ತಿ ತೆರೆಯಿರಿ. ಹಿಂದಿನ ಸೀಟಿನಲ್ಲಿ ಕೂತವರು, ಅದರಲ್ಲೂ ಬಾಡಿಗೆ ಕಾರಿನಲ್ಲಿ ಬಂದವರು, ಇದನ್ನು ಮರೆಯುವುದೇ ಹೆಚ್ಚು. ಇಳಿಯುವ ಮುಂಚೆ "ಸ್ವಲ್ಪ ನಿಲ್ಲಿ, ನೋಡಿ ಹೇಳ್ತೀನಿ" ಎನ್ನುವುದು ಚಾಲಕರ ಕೆಲಸ.

ಸವಾರರು ನಿಂತ ಕಾರುಗಳಿಂದ ಕನಿಷ್ಠ ಒಂದು ಮೀಟರ್, ಸಾಧ್ಯವಾದರೆ ಒಂದೂವರೆ ಮೀಟರ್ ದೂರ ಸಾಗಬೇಕು. ಎರಡು ನಿಂತ ಕಾರುಗಳ ನಡುವಿನ ಖಾಲಿಗೆ ನುಗ್ಗಿ ಮತ್ತೆ ಹೊರಬರುವುದು ಬೇಡ. ಪ್ರತಿ ಸಲ ಹೊರಬರುವಾಗಲೂ ಹಿಂದಿನವರಿಗೆ ನೀವು ಇದ್ದಕ್ಕಿದ್ದಂತೆ ಉದ್ಭವಿಸಿದಂತೆ ಕಾಣುತ್ತೀರಿ. ಒಂದೇ ಗೆರೆಯಲ್ಲಿ ಸಾಗಿ.

ಎಡತಿರುವು ಮತ್ತು ಲಾರಿ

ಹಿಂದಿನಿಂದ ಬಂದು ಸೈಕಲ್ಲನ್ನು ದಾಟಿ, ತಕ್ಷಣ ಎಡಕ್ಕೆ ತಿರುಗುವ ಕಾರು ಸವಾರರ ಎದುರು ಗೋಡೆಯಾಗಿ ನಿಲ್ಲುತ್ತದೆ. ಚಾಲಕರು ಸೈಕಲ್ಲಿನ ವೇಗವನ್ನು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ತಿರುವು 50 ಮೀಟರಿನೊಳಗಿದ್ದರೆ ಸೈಕಲ್ಲನ್ನು ಹಿಂದಿಕ್ಕಲೇಬೇಡಿ, ಅದರ ಹಿಂದೆಯೇ ಹೋಗಿ ತಿರುಗಿ. ತಿರುಗುವ ಮುಂಚೆ ಎಡಕನ್ನಡಿಯ ಜೊತೆಗೆ ಎಡಭುಜದ ಮೇಲಿಂದಲೂ ಒಮ್ಮೆ ಹಿಂದೆ ನೋಡಿ. ಬಲಕ್ಕೆ ತಿರುಗುವಾಗಲೂ ಎದುರು ಸಾಲಿನಲ್ಲಿ ನಿಂತ ವಾಹನಗಳು ದಾರಿ ಬಿಟ್ಟವು ಎಂದು ನುಗ್ಗಬೇಡಿ. ಆ ಸಾಲಿನ ಮರೆಯಲ್ಲಿ ಸೈಕಲ್ ಬರುತ್ತಿರಬಹುದು.

ಲಾರಿ, ಬಸ್ಸಿನ ವಿಷಯ ಬೇರೆಯೇ. ಉದ್ದ ವಾಹನ ತಿರುಗುವಾಗ ಹಿಂಚಕ್ರಗಳು ಮುಂಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊಯ್ದುಕೊಂಡು ಬರುತ್ತವೆ. ತಿರುಗುವ ಮೊದಲು ಚಾಲಕರು ಬಲಕ್ಕೆ ಸರಿದಾಗ ಎಡದಲ್ಲಿ ಅಗಲವಾದ ಖಾಲಿ ಜಾಗ ಕಾಣುತ್ತದೆ. ಅದು ಕರೆಯುವ ಹಾಗಿರುತ್ತದೆ. ಕೆಲವೇ ಸೆಕೆಂಡಿನಲ್ಲಿ ಹಿಂಚಕ್ರಗಳು ಅದೇ ಜಾಗದಲ್ಲಿ ಅಂಚಿಗೆ ಉಜ್ಜಿಕೊಂಡು ಹೋಗುತ್ತವೆ. ಎತ್ತರದ ಕ್ಯಾಬಿನ್ನಿನಿಂದ ಎಡಪಕ್ಕದ ಬಹುಭಾಗವೂ, ಮುಂಬಂಪರಿಗೆ ಅಂಟಿದಂತಿರುವ ಒಂದೆರಡು ಮೀಟರ್ ಜಾಗವೂ ಚಾಲಕರಿಗೆ ನೇರವಾಗಿ ಕಾಣುವುದಿಲ್ಲ. 2024ರ ಜುಲೈಯಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ಲಾರಿ, ಬಸ್ಸುಗಳಿಗೆಲ್ಲ ಪಕ್ಕದ ಸೈಕಲ್ಲನ್ನು ಗುರುತಿಸಿ ಎಚ್ಚರಿಸುವ ಸಾಧನ ಕಡ್ಡಾಯವಾಗಿದೆ. ಹಳೆಯ ಲಾರಿಯಲ್ಲಿ ಅದಿರುವುದಿಲ್ಲ.

ಆದ್ದರಿಂದ ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಎಡಕ್ಕೆ ಎಂದೂ ನುಸುಳಬೇಡಿ, ಇಂಡಿಕೇಟರ್ ಹಾಕಿರದಿದ್ದರೂ ಸರಿ. ಅದರ ಹಿಂದೆ ಕೆಲವು ಮೀಟರ್ ಬಿಟ್ಟು ನಿಲ್ಲಿ. ಲಾರಿಯ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣಿಸದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ. ನೀವೇ ಮೊದಲು ನಿಂತಿದ್ದು, ಲಾರಿ ಆಮೇಲೆ ಪಕ್ಕಕ್ಕೆ ಬಂದರೆ? ಕೆಳಗಿಳಿದು ಸೈಕಲ್ಲನ್ನು ಫುಟ್‌ಪಾತಿಗೆ ಎತ್ತಿಕೊಳ್ಳಿ. ಈ ಒಂದು ವಿಷಯದಲ್ಲಿ ಹಕ್ಕಿನ ವಾದ ಬೇಡ.

ಸವಾರರ ಗೆರೆ

ರಸ್ತೆ ಅಗಲವಾಗಿದ್ದು ವಾಹನಗಳು ಸಲೀಸಾಗಿ ದಾಟಬಹುದಾದ ಕಡೆ ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ ಸಾಗಿ. ಅರ್ಧ ಮೀಟರಿಗಿಂತ ಒತ್ತಬೇಡಿ. ಲೇನು ಕಿರಿದಾಗಿದ್ದರೆ, ಜಂಕ್ಷನ್ ಹತ್ತಿರ ಬಂದರೆ, ಎದುರು ತಿರುವಿದ್ದರೆ, ಕಿರುಸೇತುವೆಯಿದ್ದರೆ ಲೇನಿನ ನಡುವಿಗೆ ಬನ್ನಿ. ಇದು ದಾರಿ ತಡೆಯುವುದಲ್ಲ. ಮೊದಲಿನ ಅಗಲದ ಲೆಕ್ಕ ಇಲ್ಲಿಗೂ ಸಲ್ಲುತ್ತದೆ: ಹಿಡಿಸದ ಕಡೆ ನುಗ್ಗಲು ಆಸೆ ಹುಟ್ಟದಂತೆ ಮಾಡುವುದು. ಆ ಇಕ್ಕಟ್ಟು ದಾಟಿದ ಕೂಡಲೇ ಎಡಕ್ಕೆ ಸರಿದು, ಒಂದು ಕೈಯೆತ್ತಿ ದಾರಿ ಬಿಡಿ. ಹಿಂದಿನವರ ಸಹನೆ ಉಳಿಯುವುದು ಇದರಿಂದಲೇ. ಎದುರು ಸಾಲಿನಲ್ಲಿ, ವಾಹನಗಳಿಗೆ ಮುಖ ಮಾಡಿ ಸಾಗುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅಡ್ಡರಸ್ತೆಯಿಂದ ಹೊರಬರುವ ಚಾಲಕರು ಆ ಕಡೆ ನೋಡುವುದೇ ಇಲ್ಲ. ಜೊತೆಗೆ ಎರಡರ ವೇಗವೂ ಕೂಡಿಕೊಳ್ಳುತ್ತದೆ.

ಹಿಂದೆ ನೋಡುವುದು ಕಲಿಯಬೇಕಾದ ಮೊದಲ ವಿದ್ಯೆ. ಖಾಲಿ ಮೈದಾನದಲ್ಲಿ ಬಿಳಿ ಗೆರೆಯೊಂದರ ಮೇಲೆ ಸಾಗುತ್ತಾ, ಬಲಗೈಯನ್ನು ಸಡಿಲ ಬಿಟ್ಟು, ಗದ್ದ ಭುಜಕ್ಕೆ ತಾಗುವಂತೆ ತಿರುಗಿ ಹಿಂದೆ ನೋಡಿ. ಗೆರೆ ಬಿಟ್ಟು ಎಷ್ಟು ದೂರ ಹೋದಿರಿ ಎಂದು ಗೆಳೆಯರೊಬ್ಬರು ನೋಡಿ ಹೇಳಲಿ. ಒಂದು ಚಕ್ರದ ಅಗಲಕ್ಕಿಂತ ಹೆಚ್ಚು ಅಲುಗದಂತಾದ ಮೇಲೆ ದಟ್ಟ ರಸ್ತೆಗೆ ಇಳಿಯಿರಿ. ಪಕ್ಕಕ್ಕೆ ಸರಿಯಬೇಕಾದಾಗ ಮೊದಲು ಹಿಂದೆ ನೋಡಿ, ಆಮೇಲೆ ಕೈ ತೋರಿಸಿ. ತೋಳು ಭುಜದ ಮಟ್ಟಕ್ಕೆ ನೇರವಾಗಿ ಮೂರು ಸೆಕೆಂಡ್ ಇರಲಿ. ಮತ್ತೆ ಹಿಂದೆ ನೋಡಿ, ಎರಡೂ ಕೈ ಹ್ಯಾಂಡಲ್ಲಿಗೆ ತಂದು ಸರಿಯಿರಿ. ತಿರುವಿನ ನಡುವೆ ಒಂದೇ ಕೈಯಲ್ಲಿ ಹಿಡಿದರೆ ಬ್ರೇಕೂ ಅರ್ಧ, ಹತೋಟಿಯೂ ಅರ್ಧ.

ಹಲವು ಲೇನುಗಳ ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಬೇಕಿದ್ದರೆ ಎಲ್ಲ ಲೇನು ದಾಟಿ ನಡುವಿಗೆ ಹೋಗಬೇಕೆಂದೇನಿಲ್ಲ. ಹಸಿರು ದೀಪದಲ್ಲಿ ನೇರ ಸಾಗಿ, ಆಚೆ ಮೂಲೆಯಲ್ಲಿ ಎಡಕ್ಕೆ ನಿಂತು, ಸೈಕಲ್ಲನ್ನು ಬಲಕ್ಕೆ ತಿರುಗಿಸಿಕೊಂಡು, ಆ ರಸ್ತೆಯ ಹಸಿರು ದೀಪಕ್ಕೆ ಕಾಯಿರಿ. ಎರಡು ಹಂತ, ಒಂದು ಸಿಗ್ನಲ್ ತಡ. ಕೆಂಪು ದೀಪವನ್ನು ಸವಾರರೂ ಪಾಲಿಸಲೇಬೇಕು. ಅಡ್ಡ ಬರುವ ಚಾಲಕರು ತಮ್ಮ ಹಸಿರನ್ನು ನಂಬಿ ಬರುತ್ತಿರುತ್ತಾರೆ, ನಿಮ್ಮನ್ನು ಎಣಿಸಿರುವುದಿಲ್ಲ.

ನೆಲದ ಮೇಲಿನ ಕಣ್ಣು 15–20 ಮೀಟರ್ ಮುಂದಿರಲಿ. ಗುಂಡಿಯನ್ನು ಅಷ್ಟು ದೂರದಿಂದಲೇ ಕಂಡರೆ ಹಿಂದೆ ನೋಡಿ ಮೆಲ್ಲಗೆ ಸರಿಯಲು ಹೊತ್ತಿರುತ್ತದೆ. ಕೊನೆಯ ಗಳಿಗೆಯಲ್ಲಿ ಕಂಡು ಬಲಕ್ಕೆ ಎಳೆಯುವುದಕ್ಕಿಂತ, ಪೆಡಲ್ ಮೇಲೆ ನಿಂತು ಮೊಣಕೈ, ಮೊಣಕಾಲು ಸಡಿಲಿಸಿ ಗುಂಡಿಯ ಮೇಲೆಯೇ ನೇರ ಹೋಗುವುದು ಮೇಲು. ಚಕ್ರ ಸೊಟ್ಟಗಾದರೆ ಸರಿಪಡಿಸಬಹುದು. ಮಳೆಯಲ್ಲಿ ಬಿಳಿ ಬಣ್ಣದ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಹಲಗೆ ಎಲ್ಲವೂ ಜಾರುತ್ತವೆ. ಅವುಗಳ ಮೇಲೆ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ. ಹಳಿಗಳನ್ನು ಸಾಧ್ಯವಾದಷ್ಟೂ ನೇರ ಅಡ್ಡಕ್ಕೆ ದಾಟಿ. ಓರೆಯಾಗಿ ಹೋದರೆ ಚಕ್ರ ಸಂದಿಗೆ ಇಳಿದು ಸೈಕಲ್ ಅಲ್ಲೇ ನಿಲ್ಲುತ್ತದೆ, ನೀವು ಮುಂದೆ ಹೋಗುತ್ತೀರಿ.

ಬ್ರೇಕು, ಗಾಳಿ, ಬೆಳಕು

ಸೈಕಲ್ ನಿಲ್ಲಿಸುವ ಬಲದಲ್ಲಿ ಹೆಚ್ಚಿನ ಪಾಲು ಮುಂಬ್ರೇಕಿನದು, ಏಕೆಂದರೆ ಬ್ರೇಕ್ ಹಿಡಿದೊಡನೆ ತೂಕವೆಲ್ಲ ಮುಂಚಕ್ರಕ್ಕೆ ವಾಲುತ್ತದೆ. ಹಿಂಬ್ರೇಕ್ ಒಂದನ್ನೇ ನಂಬಿದರೆ ಬ್ರೇಕ್ ಹಿಡಿದ ಮೇಲಿನ ದೂರ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಮುಗ್ಗರಿಸುತ್ತೇವೆಂಬ ಭಯಕ್ಕೆ ಪರಿಹಾರ: ಪೃಷ್ಠವನ್ನು ಸೀಟಿನ ಹಿಂದಕ್ಕೆ ತಳ್ಳಿ, ತೋಳುಗಳನ್ನು ಬಿಗಿಯಾಗಿಟ್ಟು, ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಹಿಂಡುತ್ತಾ ಹೋಗಿ. ಹಿಂಚಕ್ರ ಜಾರತೊಡಗಿದರೆ ಮುಂಬ್ರೇಕನ್ನು ತುಸು ಸಡಿಲಿಸಿ. ಮರಳಿನ ಮೇಲೆ, ಒದ್ದೆ ನೆಲದಲ್ಲಿ, ತಿರುವಿನಲ್ಲಿ ಮುಂಬ್ರೇಕನ್ನು ಹದವಾಗಿಯೇ ಬಳಸಬೇಕು. ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕುಗಳು ಮಳೆಯಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತವೆ. ಹಾಗಾಗಿ ಬೇಗನೇ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ.

ಹೊರಡುವ ಮುಂಚೆ ಒಂದು ನಿಮಿಷ ಸಾಕು. ಮುಂಬ್ರೇಕ್ ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ: ಹಿಂಚಕ್ರ ನೆಲ ಬಿಟ್ಟು ಏಳಬೇಕು. ಹಿಂಬ್ರೇಕ್ ಹಿಡಿದು ತಳ್ಳಿ: ಚಕ್ರ ಉರುಳದೆ ಎಳೆದುಕೊಂಡು ಬರಬೇಕು. ಪೂರ್ತಿ ಹಿಂಡಿದಾಗಲೂ ಲಿವರಿಗೂ ಹಿಡಿಕೆಗೂ ನಡುವೆ ಎರಡು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ ಕೇಬಲ್ ಬಿಗಿಮಾಡಿ. ರಬ್ಬರಿನ ಮೇಲಿನ ಗೀರುಗಳು ಸವೆದು ಮಾಯವಾಗಿದ್ದರೆ ಹೊಸದು ಹಾಕಿಸಿ. ಮುಂಬ್ರೇಕ್ ಹಿಡಿದೇ ಸೈಕಲ್ಲನ್ನು ಹಿಂದೆಮುಂದೆ ಅಲ್ಲಾಡಿಸಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಎಂದರೆ ಅಲ್ಲಿನ ಬೇರಿಂಗ್ ಸಡಿಲವಾಗಿದೆ. ಟೈರಿನ ಪಕ್ಕದಲ್ಲಿ ಗಾಳಿಯ ಒತ್ತಡದ ಕನಿಷ್ಠ, ಗರಿಷ್ಠ ಅಂಕಿ ಅಚ್ಚಾಗಿರುತ್ತದೆ. ಬೆರಳಲ್ಲಿ ಒತ್ತಿ ನೋಡುವುದು ಮೋಸ, ವಾರಕ್ಕೊಮ್ಮೆ ಗೇಜ್ ಇರುವ ಪಂಪಿನಲ್ಲಿ ನೋಡಿ. ಪ್ಯಾಂಟಿನ ಸಡಿಲ ಅಂಚು, ಶೂ ಲೇಸು, ಚೀಲದ ಪಟ್ಟಿ ಚೈನಿಗೆ ಸಿಗದಂತೆ ಕಟ್ಟಿಕೊಳ್ಳಿ.

ರಾತ್ರಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಮುಂದಿನದನ್ನು ಹೊಂದಿಸುವುದು ಹೀಗೆ: ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ. ಬೆಳಕಿನ ನಡುಭಾಗ ಗೋಡೆಯ ಮೇಲೆ ದೀಪದ ಎತ್ತರದ ಅರ್ಧಕ್ಕೆ ಬೀಳಬೇಕು. ಆಗ ಅದು ನೆಲ ಮುಟ್ಟುವುದು 10 ಮೀಟರ್ ಮುಂದೆ, ಎದುರಿನವರ ಕಣ್ಣಿಗೆ ಚುಚ್ಚುವುದಿಲ್ಲ. ಹಿಂದಿನ ದೀಪ ಮಿನುಗುತ್ತಿದ್ದರೆ ಕತ್ತಲಲ್ಲಿ ಎಷ್ಟು ದೂರವಿದೆ ಎಂದು ಅಳೆಯುವುದು ಕಷ್ಟ, ಒಂದಾದರೂ ಸ್ಥಿರವಾಗಿ ಉರಿಯಲಿ. ಮಿಂಚುವ ಹಳದಿ, ಹಸಿರು ಬಟ್ಟೆ ಹಗಲಿಗೆ ಒಳ್ಳೆಯದು. ಬಿಸಿಲಿನ ನೇರಳಾತೀತ ಕಿರಣವಿಲ್ಲದೆ ಅದು ಮಿಂಚದು, ರಾತ್ರಿ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ರಾತ್ರಿಗೆ ಬೇಕಾದದ್ದು ಬಂದ ಬೆಳಕನ್ನು ಬಂದ ಕಡೆಗೇ ಮರಳಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಬೆನ್ನಿಗಿಂತ ಕಣಕಾಲಿಗೆ ಕಟ್ಟುವುದು ಹೆಚ್ಚು ಫಲಕಾರಿ. ಮೇಲೆ ಕೆಳಗೆ ಕುಣಿಯುವ ಎರಡು ಬೆಳಕಿನ ಚುಕ್ಕೆ ಕಂಡರೆ ಯಾರೋ ಪೆಡಲ್ ತುಳಿಯುತ್ತಿದ್ದಾರೆ ಎಂದು ಚಾಲಕರಿಗೆ ಕ್ಷಣದಲ್ಲಿ ಹೊಳೆಯುತ್ತದೆ. ಚಾಲಕರು ಎದುರಿನ ಸೈಕಲ್ಲಿಗೂ ಹೈಬೀಮ್ ಇಳಿಸಬೇಕು. ಸವಾರರ ಕಣ್ಣು ಕೋರೈಸಿದರೆ ಕೆಲವು ಸೆಕೆಂಡ್ ಅವರಿಗೆ ಗುಂಡಿಯೂ ಕಾಣದು, ರಸ್ತೆಯ ಅಂಚೂ ಕಾಣದು.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ, ನೆಲಕ್ಕೆ ಸಮವಾಗಿ ಕೂರಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಿಕೊಳ್ಳಬೇಕು, ಗದ್ದದಡಿ ಒಂದೆರಡು ಬೆರಳು ಮಾತ್ರ ತೂರಬೇಕು. ಬಾಯಿ ಅಗಲವಾಗಿ ತೆರೆದಾಗ ಹೆಲ್ಮೆಟ್ ತುಸು ಕೆಳಕ್ಕೆ ಎಳೆದಂತಾದರೆ ಸರಿಯಾಗಿದೆ. ಯುರೋಪಿನ ಇಎನ್ 1078 ಮಾನಕದ ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಕಬ್ಬಿಣಕ್ಕೆ ಅಪ್ಪಳಿಸುವ ವೇಗ ಸೆಕೆಂಡಿಗೆ 5.42 ಮೀಟರ್, ಗಂಟೆಗೆ 20 ಕಿ.ಮೀ.ಗಿಂತ ತುಸು ಕಡಿಮೆ. ಸೈಕಲ್ಲಿನಿಂದ ಬಿದ್ದಾಗ ನೆತ್ತಿಯನ್ನು ಕಾಯಲು ಮಾಡಿದ್ದು ಅದು, ಕಾರಿನ ಗುದ್ದನ್ನು ನುಂಗಲು ಅಲ್ಲ. "ಹೆಲ್ಮೆಟ್ ಹಾಕಿದ್ದಾರಲ್ಲ" ಎಂದು ಚಾಲಕರು ಹತ್ತಿರದಿಂದ ಹಾಯುವುದಕ್ಕೆ ಅದು ಪರವಾನಗಿಯಲ್ಲ.

ಡಿಕ್ಕಿಯಾದರೆ

ಕಾರನ್ನು ಬಿದ್ದವರಿಗಿಂತ ಹಿಂದೆ, ಬರುವ ವಾಹನಗಳಿಗೆ ತಡೆಯಾಗುವಂತೆ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿ. ತುರ್ತು ಸಹಾಯಕ್ಕೆ ಕರೆ ಮಾಡಿ. ಬಿದ್ದವರನ್ನು ಎಬ್ಬಿಸಿ ಕೂರಿಸಲು ಹೋಗಬೇಡಿ. ಬೆಂಕಿ ಅಥವಾ ಮತ್ತೊಂದು ಡಿಕ್ಕಿಯ ಅಪಾಯವಿಲ್ಲದಿದ್ದರೆ ತಲೆ, ಕತ್ತು ಅಲುಗದಂತೆ ಮಲಗಿದಲ್ಲೇ ಇರಲಿ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ಟನ್ನೂ ತೆಗೆಯಬೇಡಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ.

ಎದ್ದು ನಿಂತು "ಏನೂ ಆಗಿಲ್ಲ" ಎನ್ನುವ ಸವಾರರನ್ನು ಕೂಡಲೇ ಕಳುಹಿಸಬೇಡಿ. ತಲೆಗೆ ಬಿದ್ದ ಪೆಟ್ಟಿನ ಲಕ್ಷಣಗಳು ಗಂಟೆಗಳಾದ ಮೇಲೆ ಕಾಣಿಸಿಕೊಳ್ಳಬಹುದು: ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಮಂಪರು, ಮಾತಿನ ತೊದಲು, ಒಂದು ಪಾಪೆ ಮತ್ತೊಂದಕ್ಕಿಂತ ದೊಡ್ಡದಾಗುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ. ಮೊದಲ ದಿನ ಜೊತೆಗೊಬ್ಬರು ಇರಲಿ.

ಸೈಕಲ್ಲನ್ನು ಮತ್ತೆ ಏರುವ ಮುಂಚೆ ಮುಂಚಕ್ರವನ್ನು ಹಿಡಿದಿರುವ ಮುಂಫೋರ್ಕ್ ಬಾಗಿದೆಯೇ, ಫ್ರೇಮಿನ ಬೆಸುಗೆಗಳಲ್ಲಿ ಬಣ್ಣ ಬಿರಿದಿದೆಯೇ, ಚಕ್ರ ಬ್ರೇಕಿಗೆ ಉಜ್ಜದೆ ತಿರುಗುತ್ತಿದೆಯೇ, ಹ್ಯಾಂಡಲೂ ಮುಂಚಕ್ರವೂ ಒಂದೇ ನೇರದಲ್ಲಿವೆಯೇ ನೋಡಿ. ಫೋರ್ಕಿನ ಮೇಲೆ ಅನುಮಾನ ಬಂದರೆ ತಳ್ಳಿಕೊಂಡೇ ಹೋಗಿ. ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಗಿನ ಥರ್ಮೋಕೋಲು ಒಮ್ಮೆ ಒತ್ತಿಹೋದರೆ ಮತ್ತೆ ಉಬ್ಬುವುದಿಲ್ಲ. ಅದರ ಪಟ್ಟಿ ಕತ್ತರಿಸಿ, ಬೇರೆ ಯಾರೂ ಹಾಕಿಕೊಳ್ಳದಂತೆ ಮಾಡಿ, ಎಸೆದುಬಿಡಿ.